ಅಡ್ಡಹೆಸರಿನ ಬಾಲ ಹಿಡಿದು ಹೊರಟವಳು

ಕೆಲವರಿಗೆ ಕೈ ನೋಡಿ ಭವಿಷ್ಯ ಹೇಳಲು ಬರುತ್ತದೆ. ಕೆಲವರಿಗೆ ಹಲ್ಲಿ ಲೊಚಗುಟ್ಟಿದರೆ ಅರ್ಥವಾಗುತ್ತದೆ. ನನಗೆ ಅಡ್ಡಹೆಸರಿನ ಬಾಲ ನೋಡಿದರೆ ಸಾಕು, ಮನುಷ್ಯ ಪೂರ್ತಿ ತಿಳಿದುಬಿಡುತ್ತಾನೆ. ಅವನ ಮನೆಮಾತು ಯಾವುದು, ಚಹಾಕ್ಕೆ ಕರೆಯುವಾಗ ಯಾವ ಭಾಷೆಯಲ್ಲಿ ಕರೆಯಬೇಕು, ಅವನ ಮನೆಯ ಮುದುಕಿಗೆ 'ಅಜ್ಜಿ' ಅನ್ನಬೇಕೋ 'ಆಜಿ' ಅನ್ನಬೇಕೋ, ಎಲ್ಲವೂ ಆ ಬಾಲದಲ್ಲಿರುತ್ತದೆ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಚಿಕ್ಕೋಡಿಯಲ್ಲಿ ಸಂಸಾರ ಮಾಡುತ್ತ, ಅಕ್ಕಿ ಆರಿಸುತ್ತ, ಬಾಗಿಲಿಗೆ ಬಂದವರ ಹೆಸರು ಕೇಳುತ್ತ ನಾನೇ ಕಟ್ಟಿದ ಶಾಸ್ತ್ರ.

ಶಾಸ್ತ್ರ ಬಹಳ ಸರಳ. ಹೆಸರಿನ ಕೊನೆಗೆ 'ಕರ' ಬಂತೋ, ಅದು ಮರಾಠಿ ಮನೆ. 'ನವರ', 'ಗೌಡರ', 'ಮಠ', 'ಗೋಳ' ಬಂತೋ, ಕನ್ನಡ ಮನೆ. 'ಕರ'ಕ್ಕೆ ಇನ್ನೊಂದು ಗುಣವೂ ಉಂಟು. ನಿಪಾಣಿಯಲ್ಲಿ ಹೋಗಿ ನಿಪಾಣಿಕರರನ್ನು ಹುಡುಕಬೇಡಿ, ಸಿಗುವುದು ಕಷ್ಟ. ಅಥಣಿಕರರು ಅಥಣಿಯಲ್ಲಿ ಇರುವುದಿಲ್ಲ. ಊರು ಬಿಟ್ಟ ಮೇಲೆಯೇ ಊರು ಮನುಷ್ಯನಿಗೆ ಅಂಟಿಕೊಳ್ಳುವುದು. ಇನ್ನು 'ನವರ' ಅನ್ನುವುದು ಬೇರೆಯೇ ತಮಾಷೆ. 'ಧರೆಪ್ಪನವರ' ಎಂದರೆ ಧರೆಪ್ಪನವರ ಏನು? ಹೊಲವೇ, ಎಮ್ಮೆಯೇ, ಜಗಳವೇ? ವಾಕ್ಯ ಅಲ್ಲಿಗೇ ನಿಂತಿರುತ್ತದೆ. ಆದರೂ ಆ ಮನೆಯವರು ತಲೆತಲಾಂತರದಿಂದ ಅರ್ಧ ವಾಕ್ಯದಲ್ಲಿಯೇ ಸುಖವಾಗಿ ಬಾಳಿರುತ್ತಾರೆ.

ಪಾಟೀಲ, ಕುಲಕರ್ಣಿ, ದೇಸಾಯಿ ಇವರಿಗೆ ಮಾತ್ರ ಬಾಲವೇ ಇಲ್ಲ. ಎರಡೂ ಕಡೆ ಸಲ್ಲುವವರು. ಅವರನ್ನು ನನ್ನ ಶಾಸ್ತ್ರದಲ್ಲಿ 'ಸಂಶಯಾಸ್ಪದ' ಎಂಬ ವರ್ಗಕ್ಕೆ ಸೇರಿಸಿದ್ದೆ.

ಭಾಷೆಗೂ ಹೀಗೆಯೇ ಬಾಲಗಳಿವೆ. ಕನ್ನಡ ಆಡುವವನು ಕನ್ನಡಿಗ, ತಮಿಳು ಆಡುವವನು ತಮಿಳಿಗ. ಆ ಲೆಕ್ಕಕ್ಕೆ ಹಿಂದಿಯವನು ಹಿಂದಿಗ ಆಗಬೇಕಿತ್ತು, ಯಾಕೋ ಆ ಬಾಲ ಅವನಿಗೆ ಅಂಟಲಿಲ್ಲ. ಹಾಲಿನವನ ಸಂಗಡ ಕನ್ನಡ, ಬಟ್ಟೆ ಅಂಗಡಿಯಲ್ಲಿ ಮರಾಠಿ, ಬಸ್ಸಿನಲ್ಲಿ ಸೀಟಿಗಾಗಿ ಜಗಳ ಬಂದರೆ ಹಿಂದಿ, ಹೀಗೆ ಆಡುವ ನಮ್ಮಂಥವರಿಗೆ ಯಾವ ಬಾಲ? ಅದನ್ನು ಯಾವ ಪಂಡಿತರೂ ಹೇಳಿಲ್ಲ. ಅವರು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಎಂದು ಮೂರು ಪಾಲು ಮಾಡಿ ಕೈ ತೊಳೆದುಕೊಂಡರು. ನಮ್ಮ ಮನೆಯೊಳಗೇ ಅದಕ್ಕಿಂತ ಹೆಚ್ಚಿವೆ. ನಮ್ಮ ಮನೆಯವರು ತಾಲೂಕು ಕಚೇರಿಯಲ್ಲಿದ್ದವರು. ಅವರದು ಕಚೇರಿಗನ್ನಡ. "ಸದರಿ ಚಹಾದಲ್ಲಿ ಸಕ್ಕರೆಯ ಕೊರತೆ ಕಂಡುಬಂದಿರುತ್ತದೆ" ಎಂದು ಹೇಳಿ ಕಪ್ಪು ನನ್ನ ಕಡೆ ಸರಿಸುತ್ತಾರೆ. ನನ್ನ ನೆಗೆಣ್ಣಿ ಶಕುಂತಲಾ, ಅಂದರೆ ಮೈದುನನ ಹೆಂಡತಿ, ಸಂಜೆಯ ಟಿವಿ ನೋಡಿ ನೋಡಿ ಧಾರಾವಾಹಿಗನ್ನಡ ಕಲಿತಿದ್ದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ "ನನ್ನ ನಂಬಿಕೆಗೆ ದ್ರೋಹವಾಯಿತು" ಅನ್ನುವಳು.

ಇಂಥ ಶಾಸ್ತ್ರವಿದ್ದವಳ ಕೈಗೆ ಒಂದು ಮದುವೆ ಸಿಕ್ಕಿತು.

ಶಕುಂತಲಾಳ ಮಗಳು ಪದ್ಮಾಗೆ ನಿಪಾಣಿಯ ವರ ಗೊತ್ತಾಗಿದ್ದ. ಮೊಬೈಲು ಎಲ್ಲರ ಕೈಗೂ ಬಂದಿದ್ದ ಹೊಸತರ ಕಾಲ ಅದು. ಆದರೂ ಲಗ್ನಪತ್ರಿಕೆಯನ್ನು ಮನೆಗೇ ಹೋಗಿ, ಅರಿಷಿಣ-ಕುಂಕುಮ ಹಚ್ಚಿ ಕೊಡದಿದ್ದರೆ ಯಾರೂ ಬರುತ್ತಿರಲಿಲ್ಲ. ಪತ್ರಿಕೆ ಮಾಡಿಸುವುದು, ಹಂಚುವುದು, ಮದುವೆಯ ದಿನ ಬೀಗರನ್ನು ನೋಡಿಕೊಳ್ಳುವುದು, ಈ ಮೂರೂ ಕೆಲಸವನ್ನು ಶಕುಂತಲಾ ನನಗೆ ಒಪ್ಪಿಸಿದಳು. "ಅಕ್ಕಾ, ನೀ ಎಲ್ಲಾರ ಕೂಡ ಚಂದ ಮಾತಾಡ್ತಿ" ಎಂದಳು. ಈ ಮಾತನ್ನು ಆಕೆ ಆಮೇಲೆ ಬಹಳ ದಿನ ನೆನೆಸಿಕೊಂಡಳು.

ನಮ್ಮ ಕಡೆ ಪತ್ರಿಕೆ ಅಂದರೆ ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಮರಾಠಿ. ಎಲ್ಲರೂ ಹಾಗೆಯೇ ಮಾಡಿಸುತ್ತಾರೆ. ನನಗೆ ಅದು ಸರಿ ಕಾಣಲಿಲ್ಲ. ಬೀಗರನ್ನು ಅವರವರ ಭಾಷೆಯಲ್ಲಿ, ಅವರಿಗೇ ಅಂತ ಬೇರೆ ಪತ್ರಿಕೆಯಲ್ಲಿ ಕರೆದರೆ ಎಷ್ಟು ಘನತೆ! ಕನ್ನಡದ್ದು ಒಂದು ಗಂಟು, ಮರಾಠಿಯದು ಒಂದು ಗಂಟು ಬೇರೆ ಬೇರೆ ಮಾಡಿಸಿ, ಯಾರಿಗೆ ಯಾವುದು ಎಂಬುದನ್ನು ಬಾಲ ನೋಡಿ ವಿಂಗಡಿಸಿದೆ.

ನಮ್ಮ ಮನೆಯವರು ಪತ್ರಿಕೆಗಳ ಗುಡ್ಡೆ ನೋಡಿ, "ಒಂದರೊಳಗ ಎರಡೂ ಹಾಕಿದ್ರ ಯಾರ ಮನಿ ಮುಳಗತಿತ್ತು?" ಎಂದು ಕೇಳಿದರು.

"ಹುಗ್ಗಿ, ಸಾರು ಒಂದ ವಾಟಗದಾಗ ಹಾಕಿ ಕೊಟ್ರ ಉಣ್ಣತೀರೇನು?" ಎಂದೆ.

ಅವರು ವಿಷಯವನ್ನು ಮುಂದಿನ ಪರಿಶೀಲನೆಗೆ ಇಟ್ಟು ಪೇಪರು ಓದತೊಡಗಿದರು.

ಮೊದಲು ಹೋದದ್ದು ಅಂಕಲಿಗೆ. ಅಲ್ಲಿ ವರನ ಕಡೆಯ ದೂರದ ಸಂಬಂಧಿ ಒಬ್ಬ ಗೌಡರು. ಹೆಸರಿನ ಕೊನೆಗೆ 'ಗೌಡ', ಅಂದಮೇಲೆ ಸಂಶಯವೇ ಇಲ್ಲ. ಮನೆಯಲ್ಲಿ ಗೌಡರ ತಾಯಿ ಒಬ್ಬರೇ ಇದ್ದರು. ಕನ್ನಡದ ಪತ್ರಿಕೆ ತೆಗೆದು ಕೊಟ್ಟೆ. ಮುದುಕಿ ಕನ್ನಡಕ ಹಾಕಿಕೊಂಡರು, ತೆಗೆದರು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ "ಹೆ ಕಾಯ ಲಿಹಿಲಯ ಗ?" ಎಂದು ನನ್ನನ್ನೇ ಕೇಳಿದರು. ಇದರಾಗ ಏನ ಬರದಾರ ಅಂತ! ಅವರ ತವರು ಹೊಳೆಯಾಚೆ. ಅವರು ಕಲಿತದ್ದು ಅಲ್ಲಿಯ ಮರಾಠಿ ಶಾಲೆಯಲ್ಲಿ. ಸೊಸೆಯೂ ಅತ್ತ ಕಡೆಯಿಂದಲೇ ಬಂದವಳು. ಗೌಡರ ಮನೆಯಲ್ಲಿ ಕನ್ನಡ ಓದಲು ಬರುತ್ತಿದ್ದವರು ಗೌಡರೊಬ್ಬರೇ, ಅವರು ಹೊಲಕ್ಕೆ ಹೋಗಿದ್ದರು.

ಪತ್ರಿಕೆ ಬದಲಿಸಿ ಕೊಟ್ಟು, ದಾರಿಯಲ್ಲಿ ನಮ್ಮ ಮನೆಯವರಿಗೆ ವಿವರಿಸಿದೆ. ಎಲ್ಲ ಶಾಸ್ತ್ರಕ್ಕೂ ಒಂದು ಅಪವಾದ ಇರಬೇಕು, ಇಲ್ಲದಿದ್ದರೆ ಅದು ಶಾಸ್ತ್ರವೇ ಅಲ್ಲ. ನಮಗೆ ಅದು ಮೊದಲ ಮನೆಯಲ್ಲೇ ಸಿಕ್ಕಿತು, ಇನ್ನು ಮುಂದೆ ಚಿಂತೆಯಿಲ್ಲ.

ಅಲ್ಲಿಂದ ಕಾಗವಾಡಕ್ಕೆ ಹೋದೆವು. ಇಲ್ಲಿಯ ಮನೆ ಎಲ್ಲಕ್ಕಿಂತ ಮುಖ್ಯವಾದದ್ದು. ವರನ ತಾಯಿ ಕಮಲಾಬಾಯಿಯವರ ಅಣ್ಣ, ಅಂದರೆ ವರನ ಸೋದರಮಾವನ ಮನೆ. ಅಕ್ಷತೆ ಬೀಳುವಾಗ ವರನ ಹಿಂದೆ ಅವನ ಸೋದರಮಾವ ನಿಲ್ಲಬೇಕು. ಇದು ನಮ್ಮ ಕಡೆಯ ಪದ್ಧತಿ. ಮಾವ ನಿಲ್ಲದಿದ್ದರೆ ಮದುವೆ ಆಗುವುದಿಲ್ಲವೆಂದಲ್ಲ, ಆದರೆ ಆದ ಮದುವೆಯನ್ನು ಮಂದಿ ಸಾಯುವ ತನಕ ಬಿಡುವುದಿಲ್ಲ. ಅದಕ್ಕೇ ಅವರಿಗೆ ನಾವು ಹೆಣ್ಣಿನವರೂ ಖುದ್ದು ಹೋಗಿ ಕರೆಯಬೇಕಿತ್ತು.

ಅವರ ಅಡ್ಡಹೆಸರು ಮಿರಜಕರ. ಮಿರಜಕರ ಮಾಸ್ತರ ಎಂದು ಕರೆಯುತ್ತಿದ್ದರು. ಬಾಲ ಸ್ವಚ್ಛವಾಗಿತ್ತು, ಸಂಶಯಕ್ಕೆ ಎಡೆಯೇ ಇರಲಿಲ್ಲ. ಮಿರಜಿನವರು, ಮರಾಠಿ ಶಾಲೆಯ ಮಾಸ್ತರರು, ನಿವೃತ್ತರು. ಇಷ್ಟನ್ನು ನಾನು ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ನಿರ್ಧರಿಸಿದ್ದೆ. ಒಳಗೆ ಹೋದವಳೇ ಮರಾಠಿಯಲ್ಲಿ ಸುರು ಮಾಡಿದೆ.

ನನ್ನ ಮರಾಠಿಯ ಬಗ್ಗೆ ಒಂದು ಮಾತು ಹೇಳಬೇಕು. ಅದು ಬಟ್ಟೆ ಅಂಗಡಿಯಲ್ಲಿ ಕಲಿತ ಮರಾಠಿ. ಸೀರೆಯ ಅಂಚಿನ ವಿಷಯ, ಬಣ್ಣ ಹೋಗುತ್ತದೋ ಇಲ್ಲವೋ ಎಂಬ ವಿಷಯ ನಿರರ್ಗಳವಾಗಿ ಬರುತ್ತದೆ. ಮದುವೆಗೆ ಕರೆಯುವಷ್ಟು ಇರಲಿಲ್ಲ. ಆದರೂ ಧೈರ್ಯ ಬಿಡಲಿಲ್ಲ. ಮಾಸ್ತರರು ಕೊನೆಯವರೆಗೂ ಶಾಂತವಾಗಿ ಕೇಳಿಸಿಕೊಂಡರು. ಮರಾಠಿ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಭಾವುಕರಾಗಿದ್ದಾರೆ ಎಂದುಕೊಂಡೆ. ಆಮೇಲೆ, "ತಾವು ಇಷ್ಟು ದೂರ ದಯಮಾಡಿಸಿದ್ದು ನಮ್ಮ ಭಾಗ್ಯ. ಅಗತ್ಯವಾಗಿ ಬರುತ್ತೇವೆ" ಎಂದು ಕನ್ನಡದಲ್ಲಿ ಹೇಳಿದರು. ಅದೂ ಎಂಥ ಕನ್ನಡ! ಅಕ್ಷರ ಅಕ್ಷರ ತೊಳೆದು ಒಣಗಿಸಿ ಇಟ್ಟಂತಿತ್ತು.

ಪಾಪ, ನನ್ನ ಸಲುವಾಗಿ ಕಷ್ಟಪಟ್ಟು ಕನ್ನಡ ಆಡುತ್ತಿದ್ದಾರೆ ಎನಿಸಿ ಮನಸ್ಸು ತುಂಬಿ ಬಂತು. ಉಪಕಾರ ಸ್ಮರಿಸಬೇಕಲ್ಲ?

"ಮಾಸ್ತರ, ನಿಮ್ಮ ಕನ್ನಡ ಭಾಳ ಚಲೋ ಐತ್ರಿ. ಎಲ್ಲಿ ಕಲ್ತ್ರಿ?" ಎಂದೆ.

ಚಹಾ ತರುತ್ತಿದ್ದ ಅವರ ಹೆಂಡತಿ ಸುಶೀಲಾಬಾಯಿ ಬಾಗಿಲಲ್ಲೇ ನಿಂತು, ಸೆರಗನ್ನು ಬಾಯಿಗೆ ಹಿಡಿದು, ಟ್ರೇ ಸಮೇತ ಒಳಗೆ ತಿರುಗಿದರು. ಸಂಕೋಚದ ಹೆಣ್ಣುಮಗಳು ಎಂದುಕೊಂಡೆ. ಮಾಸ್ತರರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿದರು.

"ಶಾಲೆಯಲ್ಲಿ" ಎಂದರು.

ಹೊರಗೆ ಬಂದ ಮೇಲೆ ನಮ್ಮ ಮನೆಯವರು ಬಸ್‌ಸ್ಟ್ಯಾಂಡು ಬರುವ ತನಕ ನನಗಿಂತ ಮುಂದೆ ಮುಂದೆ ನಡೆದರು. ಆಮೇಲೆ, "ಗೋಡಿ ಮ್ಯಾಲಿನ ಫೋಟೋ ನೋಡಿದೇನು?" ಎಂದು ಕೇಳಿದರು. ನಾನು ನೋಡಿರಲಿಲ್ಲ. ರಾಜ್ಯೋತ್ಸವದ ದಿನ ಮಾಸ್ತರರಿಗೆ ಶಾಲು ಹೊದಿಸಿದ ಫೋಟೋ ಇತ್ತಂತೆ. ಅವರು ಜೀವನ ಪೂರ್ತಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರಂತೆ. ಇದನ್ನೆಲ್ಲ ನಾನು ಒಳಗೆ ಮರಾಠಿಯಲ್ಲಿ ಸುರು ಮಾಡಿದಾಗಲೇ ಅಡ್ಡಬಾಯಿ ಹಾಕಿ ತಿಳಿಸಬಹುದಿತ್ತಲ್ಲ ಎಂದರೆ, "ನೀ ಬಿಟ್ಟರಲಾ ಹೇಳೂದು" ಎಂದರು.

ಸ್ವಲ್ಪ ಹೊತ್ತು ಮುಜುಗರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮನೆ ಮುಟ್ಟುವುದರೊಳಗೆ ಸಮಾಧಾನ ಸಿಕ್ಕಿತು. ಕನ್ನಡ ಕಲಿಸಿದರೇನಾಯಿತು? ಅದು ಹೊಟ್ಟೆಪಾಡು. ಮನೆಮಾತು ಬಾಲದಲ್ಲಿರುತ್ತದೆ. ಮದುವೆಯ ದಿನ ಅವರಿಗೆ ಮರಾಠಿಯಲ್ಲಿ ಭರ್ಜರಿ ಮರ್ಯಾದೆ ಮಾಡಿ ಹಿಂದಿನದನ್ನೆಲ್ಲ ಸರಿಪಡಿಸಿದರಾಯಿತು.

ಮದುವೆ ಚಿಕ್ಕೋಡಿಯ ಒಂದು ಮಂಗಲ ಕಾರ್ಯಾಲಯದಲ್ಲಿ. ಬೆಳಿಗ್ಗೆ ಬೀಗರಿಗೆ ನಾಷ್ಟಾ. ಅಡುಗೆಯವನು ದೊಡ್ಡ ಕಡಾಯಿಯಲ್ಲಿ ಶೇಂಗಾ ಹಾಕಿ ಹಳದಿ ಅವಲಕ್ಕಿ ಮಾಡಿದ್ದ. ನಾನು ಅದನ್ನು ಎರಡು ಪಾತ್ರೆಗೆ ಹಾಕಿಸಿ, ಎರಡು ಮೇಜಿನ ಮೇಲೆ ಇಡಿಸಿ, ಒಂದಕ್ಕೆ ಕನ್ನಡದಲ್ಲಿ 'ಅವಲಕ್ಕಿ' ಎಂತಲೂ ಇನ್ನೊಂದಕ್ಕೆ ಮರಾಠಿಯಲ್ಲಿ 'ಪೋಹೆ' ಎಂತಲೂ ಫಲಕ ಹಚ್ಚಿಸಿದೆ. ಯಾರಿಗೂ ಪರಕೀಯ ಅನ್ನಿಸಬಾರದಲ್ಲ?

ಮಂದಿ ಮೊದಲು ಒಂದು ಸಾಲಿನಲ್ಲಿ ನಿಂತು ತಿಂದರು. ಆಮೇಲೆ ಇನ್ನೊಂದು ಹೇಗಿದೆ ನೋಡೋಣವೆಂದು ಅದರಲ್ಲೂ ನಿಂತು ತಿಂದರು. ಪೋಹೆಗೆ ಖಾರ ಹೆಚ್ಚು ಎಂದು ಕೆಲವರು, ಅವಲಕ್ಕಿಗೆ ಶೇಂಗಾ ಕಡಿಮೆ ಹಾಕಿದ್ದಾರೆ ಎಂದು ಕೆಲವರು. ನಮ್ಮ ಪೈಕಿಯ ಇಬ್ಬರು ಹಿರಿಯರು, ಹೆಣ್ಣಿನವರಾಗಿಯೂ ಕನ್ನಡದ ಮೇಜಿಗೆ ಹೀಗೆ ಅನ್ಯಾಯ ಮಾಡಬಹುದೇ ಎಂದು ನನ್ನನ್ನು ಅಡ್ಡ ಹಾಕಿ ಕೇಳಿದರು. ಎರಡೂ ಒಂದೇ ಕಡಾಯಿಯದು ಎಂದು ಆಣೆ ಮಾಡಿದರೂ ನಂಬಲಿಲ್ಲ. ಫಲಕದ ಮೇಲೆ ಬೇರೆ ಬೇರೆ ಬರೆದಿತ್ತಲ್ಲ! ಅಡುಗೆಯವನು ಎರಡನೆಯ ಸಲ ಅವಲಕ್ಕಿ ತೋಯಿಸಲು ಹಾಕುತ್ತ, "ಅಕ್ಕಾರ, ಊಟಕ್ಕ ಬೋರ್ಡ ಹಚ್ಚಬ್ಯಾಡ್ರಿ. ಹೋಳಿಗಿ ಸಾಲೂದಿಲ್ಲ" ಎಂದು ಬೇಡಿಕೊಂಡ.

ನಮ್ಮ ಗಡಿಯಲ್ಲಿ ಆಗಾಗ ಬಸ್ಸಿನ ಬೋರ್ಡಿಗೆ ಮಸಿ ಬಳಿಯುತ್ತಾರೆ. ಮಸಿ ಬಳಿದವರೇ ಮರುದಿನ ಅದೇ ಬಸ್ಸು ಹತ್ತಿ ಸಂತೆಗೆ ಹೋಗುತ್ತಾರೆ. ಬೋರ್ಡು ಹಚ್ಚದಿದ್ದರೆ ಯಾರಿಗೂ ಏನೂ ಅನಿಸುತ್ತಿರಲಿಲ್ಲ ಎಂಬುದು ಆ ಹೊತ್ತಿಗೆ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನನ್ನ ಕಣ್ಣು ಮೈಕಿನ ಮೇಲಿತ್ತು.

ಅಕ್ಷತೆಗೆ ಮುಂಚೆ ಬೀಗರಿಗೆ ಮಾನ ಮಾಡುವ ಶಾಸ್ತ್ರ. ಹಿರಿಯರನ್ನು ಒಬ್ಬೊಬ್ಬರನ್ನಾಗಿ ಮೈಕಿನಲ್ಲಿ ಹೆಸರು ಹಿಡಿದು ಕರೆದು, ತಲೆಗೆ ಪಟಗಾ ಸುತ್ತಿ, ಕಾಯಿ ಕೊಡುವುದು. ಇದರಲ್ಲಿ ಹೆಸರು ಹಿಂದೆಮುಂದೆ ಆದರೂ ಜನ ಉಣ್ಣದೆ ಎದ್ದು ಹೋದದ್ದುಂಟು. ಮೊದಲ ಮಾನ ಸೋದರಮಾವನದು. ಮೈಕಿನವನು ಪೋಹೆ ಸಾಲಿನಲ್ಲಿ ನಿಂತಿದ್ದ. ನಾನೇ ಮೈಕು ತೆಗೆದುಕೊಂಡೆ. ಮಾಸ್ತರರು ಮುಂದಿನ ಸಾಲಿನಲ್ಲೇ, ಬಿಳಿ ಧೋತರ, ಕರಿ ಕೋಟು ಹಾಕಿ ಕುಳಿತಿದ್ದರು. ಅವರಿಗಾಗಿ ನಾನು ಎಲ್ಲರ ಬಿಳಿ ಪಟಗಾದ ಬದಲು ಬೇರೆಯೇ ಗುಲಾಬಿ ಬಣ್ಣದ ಕೊಲ್ಹಾಪುರಿ ಫೇಟಾ ತರಿಸಿಟ್ಟಿದ್ದೆ.

ರಾತ್ರಿಯೆಲ್ಲ ಬಾಯಿಪಾಠ ಮಾಡಿದ ಮರಾಠಿ ವಾಕ್ಯವನ್ನು ಕಣ್ಣು ಮುಚ್ಚಿ ಹೇಳಿದೆ. ಯಾರಿಗೂ ತಿಳಿಯದೆ ಹೋಗಬಾರದೆಂದು ಅದನ್ನೇ ಕನ್ನಡದಲ್ಲೂ ಹೇಳಿದೆ. "ಈಗ ಪರರಾಜ್ಯದಿಂದ ನಮ್ಮ ಊರಿಗೆ ಬಂದ ಗೌರವಾನ್ವಿತ ಅತಿಥಿಗಳು, ಶ್ರೀ ಮಿರಜಕರ ಅವರು ವೇದಿಕೆಗೆ ಬರಬೇಕು."

ಮಾಸ್ತರರು ಎದ್ದರು. ನಾನು ಫೇಟಾ ಕೈಗೆತ್ತಿಕೊಂಡೆ. ಅವರು ವೇದಿಕೆಯ ಮುಂದಿನಿಂದ ನೆಟ್ಟಗೆ ನಡೆದು, ನನ್ನನ್ನು ದಾಟಿ, ವೇದಿಕೆಯನ್ನೂ ದಾಟಿ, ಪಕ್ಕದ ಬೀಗರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕದ ಸಪ್ಪಳ ಮೈಕಿನಲ್ಲಿ ಸ್ವಚ್ಛವಾಗಿ ಕೇಳಿತು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು.

ಕಾಗವಾಡ ನಮ್ಮ ಜಿಲ್ಲೆಯೊಳಗೇ ಇದೆ. ಅದನ್ನು ಮಾಸ್ತರರಿಗೆ ಪರರಾಜ್ಯ ಮಾಡಿದವರಲ್ಲಿ ನಾನೇ ಮೊದಲಿಗಳು.

ಕಮಲಾಬಾಯಿಯವರು ಎದ್ದು ನಿಂತರು. ಅವರು ಕೂಗಾಡಲಿಲ್ಲ, ಅದೇ ಹೆದರಿಕೆ. "ನಮ್ಮಣ್ಣ ಹಿಂದ ನಿಲ್ಲೂ ತನಕಾ ನನ್ನ ಮಗನ ತಲಿ ಮ್ಯಾಲೆ ಒಂದ ಕಾಳ ಅಕ್ಕಿ ಬೀಳಬಾರದ್ರಿ" ಎಂದು ಶಕುಂತಲಾಳಿಗೆ ಹೇಳಿ ಮತ್ತೆ ಕುಳಿತರು. ಭಟ್ಟರು ಗಡಿಯಾರ ನೋಡಿದರು. ಮುಹೂರ್ತ ಹತ್ತಿರ ಬಂದಿತ್ತು. ಒಳಗೆ ಪದ್ಮಾ ಬಾಸಿಂಗ ಕಟ್ಟಿಕೊಂಡು, ಏನಾಯಿತೆಂದು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದಳು. ಚಿಕ್ಕವಳಿದ್ದಾಗಿನಿಂದ ಏನು ಕೆಟ್ಟರೂ ದೊಡ್ಡವ್ವ ಸರಿಮಾಡುತ್ತಾಳೆ ಎಂದು ನಂಬಿದ ಹುಡುಗಿ. ಕೆಡಿಸಿದವಳೂ ದೊಡ್ಡವ್ವನೇ ಎಂದು ಆಕೆಗೆ ಹೇಗೆ ಹೇಳುವುದು? ಶಕುಂತಲಾ ಮಾತ್ರ ಅಂದು ಧಾರಾವಾಹಿಗನ್ನಡ ಮರೆತಿದ್ದಳು. "ಅಕ್ಕಾ, ನೀ ಹೋಗಿ ಅವರನ್ನ ಕರಕೊಂಡ ಬಾ. ಇಲ್ಲಾಂದ್ರ ನೀನೂ ಬರಬ್ಯಾಡ" ಎಂದಳು.

ನಮ್ಮ ಮನೆಯವರನ್ನು ಹುಡುಕಿದೆ. ಅವರು ಕಂಬದ ಹಿಂದೆ ನಿಂತಿದ್ದರು. "ಸದರಿ ಪ್ರಕರಣ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದರು.

ನಾನು, ಶಕುಂತಲಾ ಇಬ್ಬರೂ ಹೋಗಿ ಕೋಣೆಯ ಬಾಗಿಲು ತಟ್ಟಿದೆವು. ಸುಶೀಲಾಬಾಯಿ ತೆಗೆದರು. ಮಾಸ್ತರರು ಮಂಚದ ಮೇಲೆ ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕುಳಿತವರ ಹಾಗೆ ಕುಳಿತಿದ್ದರು.

"ಮಾಸ್ತರ, ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೊಳ್ರಿ" ಎಂದೆ.

"ತಪ್ಪೇನು ಬಂತು ತಾಯಿ?" ಎಂದರು, ಅದೇ ತೊಳೆದಿಟ್ಟ ಕನ್ನಡದಲ್ಲಿ. "ನಾವು ಪರರಾಜ್ಯದವರು. ನಮ್ಮ ರಾಜ್ಯದ ಕಡೆಗೆ ವಾಹನ ಎಷ್ಟು ಹೊತ್ತಿಗೆ ಇದೆ ಎಂದು ಯೋಚಿಸುತ್ತಿದ್ದೇವೆ."

"ಹಂಗ ಅನಬ್ಯಾಡ್ರಿ. ನೀವು ನಮ್ಮ ಹಿರಿಯರು."

"ತಲೆಗೂದಲು ಬೆಳ್ಳಗಾಗುವವರೆಗೆ ಈ ಸೀಮೆಯ ಮಕ್ಕಳಿಗೆ ಕನ್ನಡ ಕಲಿಸಿದೆ. ನನಗೆ ಬರುತ್ತದೋ ಇಲ್ಲವೋ ಎಂಬ ಸಂಶಯ ಒಳಗೊಳಗೇ ಇತ್ತು. ಅಂದು ತಾವು ಮನೆಗೆ ಬಂದು ಪಾಸು ಮಾಡಿ ಹೋದಿರಿ. ದೊಡ್ಡ ಉಪಕಾರ." ಚೀಲದ ಹಿಡಿಕೆ ಸರಿಮಾಡಿಕೊಂಡು, "ತಮ್ಮ ಮರಾಠಿಯೂ ಬಹಳ ಚೆನ್ನಾಗಿದೆ. ಎಲ್ಲಿ ಕಲಿತಿರಿ?" ಎಂದು ಕೇಳಿದರು.

ಬಟ್ಟೆ ಅಂಗಡಿಯಲ್ಲಿ ಎನ್ನುವ ಬದಲು, ಕೈಯಲ್ಲೇ ಉಳಿದಿದ್ದ ಫೇಟಾವನ್ನು ಬೆನ್ನ ಹಿಂದೆ ಸರಿಸಿದೆ.

ಹೊರಗೆ ವಾದ್ಯದವರು ಸುಮ್ಮನಾದರು. ಭಟ್ಟರು ಯಾರನ್ನೋ ಕರೆಯುವುದು ಕೇಳಿಸಿತು. ಶಕುಂತಲಾಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಸುಶೀಲಾಬಾಯಿ ಮುಂದೆ ಬಂದು, ಅಲ್ರೀ, ಅವರು ಕೈ ಮುಗಿದು ಕೇಳುತ್ತಿದ್ದಾರೆ, ಹುಡುಗಿಯ ಮುಖವನ್ನಾದರೂ ನೋಡಿ ಎಂದು ಗಂಡನಿಗೆ ಹೇಳಹೋದರು. ಮಾಸ್ತರರು ಗರಕ್ಕನೆ ತಿರುಗಿ, "ತೂ ಮಧ್ಯೇ ಬೋಲೂ ನಕೋಸ!" ಎಂದು ಗದರಿದರು. ನೀ ನಡುವ ಬಾಯಿ ಹಾಕಬ್ಯಾಡ ಅಂತ.

ಮರಾಠಿ! ಒಳ್ಳೇ ತುಪ್ಪದಂಥ ಮನೆಯ ಮರಾಠಿ! ಸಿಟ್ಟು ಬಂದಾಗ ಮನುಷ್ಯನ ಬಾಯಿಂದ ಬರುವುದೇ ಮನೆಮಾತು. ನನ್ನ ಶಾಸ್ತ್ರ ಗೆದ್ದಿತ್ತು!

ಇಂಥ ಗೆಲುವನ್ನು ಬುದ್ಧಿವಂತರು ಮನಸ್ಸಿನಲ್ಲಿಯೇ ಇಟ್ಟುಕೊಳ್ಳುತ್ತಾರೆ. ನಾನು ಶಕುಂತಲಾಳ ಕೈ ಹಿಡಿದು ಜಗ್ಗಿ, "ನೋಡಿದೇನ? ನಾ ಹೇಳಿದ್ದ ಖರೇ ಆತಿಲ್ಲೋ?" ಎಂದುಬಿಟ್ಟೆ.



ಶಕುಂತಲಾ ನನ್ನ ರಟ್ಟೆಯನ್ನು ಚಿವುಟಿದ ಗುರುತು ಅರಿಷಿಣ ಹಚ್ಚಿದರೂ ಬಹಳ ದಿನ ಹೋಗಲಿಲ್ಲ. ಮಾಸ್ತರರ ಮುಖ ನನ್ನ ಕೈಯಲ್ಲಿದ್ದ ಫೇಟಾದ ಬಣ್ಣಕ್ಕೆ ಬಂತು. ಅವರು ಚೀಲ ಹೆಗಲಿಗೆ ಹಾಕಿಕೊಂಡು ನಿಂತೇಬಿಟ್ಟರು. ಮುಗಿಯಿತು, ಮದುವೆ ನಿಂತಿತು ಎಂದುಕೊಂಡೆ. ಪದ್ಮಾಳ ಮುಖ ಕಣ್ಣ ಮುಂದೆ ಬಂತು. ಆಗ ಮೊದಲ ಸಲ ನನ್ನ ತಲೆಯಲ್ಲಿ ಯಾವ ಬಾಲವೂ ಉಳಿಯಲಿಲ್ಲ.

ಅಷ್ಟರಲ್ಲಿ ಯಾರೋ ನಕ್ಕರು. ಸುಶೀಲಾಬಾಯಿ. ಅಂದು ಟ್ರೇ ಹಿಡಿದು ತಡೆದುಕೊಂಡಿದ್ದ ನಗೆಯೂ ಸೇರಿ ಬಂದಿರಬೇಕು, ಗೋಡೆ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಳ್ಳುತ್ತ, "ಆಕಿ ಖರೇನ ಹೇಳ್ಯಾಳ್ರೀ" ಎಂದರು. "ಸಾಲ್ಯಾಗ ಮಕ್ಕಳಿಗೆ ಪಾಠಾ ಹೇಳೂದು ಕನ್ನಡದಾಗ, ಮನ್ಯಾಗ ನನ್ನ ಬಯ್ಯೂದು ಮರಾಠ್ಯಾಗ. ಚಲೋದೆಲ್ಲಾ ಅವರಿಗೆ, ಉಳಿದದ್ದು ನನಗ. ಯಾವ ಭಾಷಾದಾಗ ಸಿಟ್ಟ ಮಾಡಬೇಕಂತ ಮನಿಗೆ ಹೋಗಿ ಠರಾವ ಮಾಡೋಣು. ಈಗ ತಂಗಿ ಮಗಾ ಮಣಿ ಮ್ಯಾಲೆ ಒಬ್ಬಾವನ ನಿಂತಾನ. ಏಳ್ರಿ."

"ಎದ್ದೇ ಇದ್ದೇನಲ್ಲ" ಎಂದರು ಮಾಸ್ತರರು. ಆದರೆ ಚೀಲ ಕೆಳಗಿಟ್ಟರು.

ಅವರು ಎರಡು ಷರತ್ತು ಹಾಕಿದರು. ಒಂದು, ಗುಲಾಬಿ ಫೇಟಾ ತಮ್ಮ ತಲೆಯ ಹತ್ತಿರ ಬರಕೂಡದು. ಇನ್ನೊಂದು, ಮೈಕು ನನ್ನ ಹತ್ತಿರ ಬರಕೂಡದು. ಎರಡನೆಯದನ್ನು ಶಕುಂತಲಾ ನಾನು ಬಾಯಿ ತೆರೆಯುವ ಮೊದಲೇ ಒಪ್ಪಿಕೊಂಡಳು.

ಹೊರಗೆ ಹೋದವರೇ ಮಾಸ್ತರರು ನೆಟ್ಟಗೆ ವರನ ಹಿಂದೆ ನಿಂತರು. ನಮ್ಮವರು ಬಿಳಿ ಪಟಗಾ ಸುತ್ತಿದರು, ಅವರು ಸುತ್ತಿಸಿಕೊಂಡರು. ಕಮಲಾಬಾಯಿಯವರ ಮುಖ ಸಡಿಲಾಯಿತು. ಅಂತರಪಟ ಹಿಡಿದರು. ಭಟ್ಟರು ಒಂದು ಮಂಗಲಾಷ್ಟಕ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ ಹಾಡಿದರು. ಯಾರೂ ಯಾಕೆಂದು ಕೇಳಲಿಲ್ಲ, ಯಾರಿಗೆ ಯಾವುದೆಂದು ಹಂಚಲೂ ಇಲ್ಲ. ಅವರು ಹಾಗೆಯೇ ಹಾಡುತ್ತ ಬಂದವರು.

ನನ್ನನ್ನು ಶಕುಂತಲಾ ಹಿಂದಿನ ಸಾಲಿಗೆ, ಗೋಡೆಯ ಮಗ್ಗುಲಿನ ಕುರ್ಚಿಗೆ ಒಯ್ದು ಕೂಡ್ರಿಸಿ, ಊಟಕ್ಕೆ ಕರೆಯುವ ತನಕ ಏಳಬಾರದೆಂದು ಹೇಳಿ ಹೋಗಿದ್ದಳು. ಕೈಯಲ್ಲಿ ಒಂದು ಹಿಡಿ ಅಕ್ಷತೆ ಇತ್ತು. ಅಲ್ಲಿಂದ ಎಸೆದರೆ ವಧು-ವರರಿಗೆ ಮುಟ್ಟುವ ಮಾತೇ ಇರಲಿಲ್ಲ, ಮುಂದಿನವರ ತಲೆಯ ಮೇಲೆ ಬಿತ್ತು. ಆದರೂ ಪದ್ಮಾ ತಲೆ ಎತ್ತಿ, ಮಾಲೆ ಹಾಕುವ ಮುಂಚೆ ಒಮ್ಮೆ ಮಂದಿಯೊಳಗೆ ನನ್ನನ್ನು ಹುಡುಕಿದಳು. ಕೈ ಎತ್ತಿ ತೋರಿಸಿದೆ. ನಕ್ಕಳು. ಅಷ್ಟಾಯಿತಲ್ಲ ಎಂದು ಕಣ್ಣೊರೆಸಿಕೊಂಡೆ.

ನನ್ನ ಎಡಕ್ಕೆ ಒಬ್ಬ ಅಜ್ಜಿ ಕುಳಿತಿದ್ದರು. ಎಲ್ಲಿಯವರೋ, ನೋಡಿದ ಮುಖವಲ್ಲ. ಬಲಕ್ಕೆ ಸುಶೀಲಾಬಾಯಿ ಫ್ಯಾನಿನ ಗಾಳಿಗೆಂದು ಬಂದು ಕುಳಿತರು. ಅಜ್ಜಿ ನನ್ನ ಕಡೆ ಬಾಗಿದರು.

"ನೀ ಯಾರ ಪೈಕಿ ಬೇ? ಹೆಣ್ಣಿನವರೋ, ಗಂಡಿನವರೋ?"

ಬಾಯಿ ತೆರೆದೆ. ಉತ್ತರ ಬರುವ ಮೊದಲೇ ಅಜ್ಜಿ ದನಿ ತಗ್ಗಿಸಿದರು. ಹೆಣ್ಣಿನವರ ಕಡೆ ಯಾವಳೋ ಒಬ್ಬಳು ಮೈಕು ಹಿಡಿದು ಗಂಡಿನ ಸೋದರಮಾವನನ್ನು ಎಬ್ಬಿಸಿ ಕಳಿಸಿದಳಂತೆ, ನಾನು ಕಂಡೆನೋ ಎಂದು ಕೇಳಿದರು.

"ನಾ ಗಂಡಿನವರ ಪೈಕ್ರಿ" ಎಂದೆ.

ಸುಶೀಲಾಬಾಯಿ ವೇದಿಕೆಯ ಕಡೆಯಿಂದ ಕಣ್ಣು ತೆಗೆಯದೆ, "ಹೌದ್ರಿ ಅಜ್ಜಿ, ನಮ್ಮಾಕೀನ" ಎಂದರು.

ಅಜ್ಜಿಗೆ ಸಮಾಧಾನವಾಯಿತು. ನಮ್ಮವಳೇ ಎಂದ ಮೇಲೆ ಇನ್ನಷ್ಟು ಹತ್ತಿರ ಸರಿದು, ನನ್ನ ಮೊಣಕಾಲ ಮೇಲೆ ಕೈಯಿಟ್ಟು ಹೇಳಿದರು, "ಆಕಿಗೆ ಮರಾಠಿನೂ ಬರೂದಿಲ್ಲಂತ, ಕನ್ನಡಾನೂ ಬರೂದಿಲ್ಲಂತ."

"ಹೌದ್ರಿ ಅಜ್ಜಿ" ಎಂದೆ. "ಬಾಯಿ ಮುಚ್ಚೂದೂ ಬರೂದಿಲ್ಲಂತ್ರಿ."